ಎಡಗೈಗೊಂದು ಚಕ್ರ

ಮಾರ್ಚ್ 4, ಸೋಮವಾರ

ಕೈಯೇ ಕೈಕೊಟ್ಟಿತು. ನಗುವ ವಿಷಯವಲ್ಲ, ಆದರೂ ವಾಕ್ಯ ಚೆನ್ನಾಗಿ ಬಂದಿದೆ, ಇರಲಿ.

ಫಿಸಿಯೋಥೆರಪಿಯ ಹುಡುಗಿ ನನ್ನ ಬಲ ಮಣಿಕಟ್ಟಿಗೆ ಪಟ್ಟಿ ಬಿಗಿದು, "ನೋವು ಯಾವಾಗ ಬರುತ್ತೆ, ಏನ್ ಮಾಡಿದ್ರೆ ಬರುತ್ತೆ, ದಿನಾ ಬರೆದಿಡಿ ಮೇಡಂ" ಎಂದಳು. ಅದಕ್ಕೆ ದಿನಚರಿ ಯಾಕಮ್ಮ? ಮೌಸ್ ಹಿಡಿದರೆ ಬರುತ್ತದೆ. ಮುಗಿಯಿತು. ಆದರೂ ಎಡಗೈಯ ಒಂದೇ ಬೆರಳಿನಲ್ಲಿ ಇದನ್ನು ಕುಟ್ಟುತ್ತಾ ಕುಳಿತಿದ್ದೇನೆ, ಯಾಕೆಂದರೆ ಬೇರೇನು ಮಾಡಲೂ ಬಿಡುತ್ತಿಲ್ಲ.

ಅಕ್ಕ ಸಿನಿಮಾ ತೆಗೆಯುತ್ತಾಳೆ, ನಾನು ಎಡಿಟ್ ಮಾಡುತ್ತೇನೆ. ಮೊದಲಿನಿಂದಲೂ ಹೀಗೇ. ಈ ಸಲದ್ದು ಈಜು ಕಲಿಸುವ ಒಬ್ಬ ಹಿರಿಯ ಟೀಚರ್ ಬಗ್ಗೆ ಸಾಕ್ಷ್ಯಚಿತ್ರ. ಈಕೆ ಮಕ್ಕಳಿಗೆ ಕಲಿಸುವುದಿಲ್ಲ. ನೀರು ಕಂಡರೆ ಗಡಗಡ ನಡುಗುವ ದೊಡ್ಡವರು ಹುಡುಕಿಕೊಂಡು ಬರುತ್ತಾರೆ, ಅವರಿಗೆ ಈಕೆ ಕಲಿಸುತ್ತಾರೆ. ಅಕ್ಕ ತಿಂಗಳುಗಟ್ಟಲೆ ಕೊಳದ ಪಕ್ಕ ಕ್ಯಾಮೆರಾ ಇಟ್ಟುಕೊಂಡು ಕೂತು ರಾಶಿ ರಾಶಿ ಫೂಟೇಜ್ ತಂದು ನನ್ನ ಮುಂದೆ ಸುರಿದಿದ್ದಾಳೆ. ಅದನ್ನು ನೋಡಿದಾಗ ನನ್ನ ಕೈ ತುರಿಸಿತ್ತು. ಈಗ ನೋಯುತ್ತಿದೆ.

ಸಂಜೆ ಅಕ್ಕ ಇಲ್ಲಿದ್ದಾಗ ಅವಳಿಗೆ ಪ್ರೊಡ್ಯೂಸರ್ ಫೋನು, ಸ್ಪೀಕರ್‌ನಲ್ಲಿ. "ನಿಮ್ಮ ತಂಗಿ ಕೈ ಸರಿಹೋಗ್ಲಿಲ್ಲ ಅಂದ್ರೆ ರಾಕೆಟ್‌ಗೆ ಕೊಟ್ಬಿಡೋಣ, ಏನಂತೀರಾ?" ಎಂದು ಅಕ್ಕನನ್ನು ಕೇಳಿದರು. ರಾಕೆಟ್ ಎಂದರೆ ಈಗ ಹೆಸರು ಮಾಡುತ್ತಿರುವ ಎಡಿಟರ್. ನನ್ನನ್ನು ಬಿಟ್ಟರೆ ಅವನದೇ ವೇಗದ ಕೈ ಎನ್ನುತ್ತಾರೆ. ಅಕ್ಕ "ಅ... ಅದು..." ಎಂದು ಶುರು ಮಾಡಿದಳು. ಅವಳಿಗೆ ಚಿಕ್ಕಂದಿನಿಂದ ಮಾತು ತಡೆಯುತ್ತದೆ, ಮೊದಲ ಅಕ್ಷರ ನಾಲಿಗೆಯ ಮೇಲೇ ನಿಂತುಬಿಡುತ್ತದೆ. ಅದಕ್ಕೇ ನಾನಿರುವುದು. ಫೋನ್ ಕಿತ್ತುಕೊಂಡು, "ಸರ್, ಮುಂದಿನ ತಿಂಗಳು ಹದಿನೆಂಟಕ್ಕೆ ಪೂರ್ತಿ ಸಿನಿಮಾ ತೋರಿಸ್ತೀವಿ. ಆಗ್ಲಿಲ್ಲ ಅಂದ್ರೆ ಧಾರಾಳವಾಗಿ ಕೊಡಿ ರಾಕೆಟ್‌ಗೆ" ಎಂದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಪಾಪ, ಎಷ್ಟು ನಿರಾಳವಾಯಿತೋ ಅವಳಿಗೆ.

ಮಾರ್ಚ್ 6, ಬುಧವಾರ

ಕೊಟ್ಟ ಮಾತು ಕೊಟ್ಟಾಯಿತು, ಇನ್ನು ಕೈಗೆ ಏನಾದರೂ ದಾರಿ ನೋಡಬೇಕು. ನಮ್ಮನೆಯವರಿಗೆ ಹೇಳಿದ್ದೇ ತಡ, ಕುಣಿದುಬಿಟ್ಟರು. ಅವರದು ಕನ್ನಡಕದ ಅಂಗಡಿ. ದಿನವಿಡೀ ಜನರ ಮೂಗಿನ ಮೇಲೆ ಗಾಜು ಬದಲಾಯಿಸಿ "ಇದು ಚೆನ್ನಾಗಿ ಕಾಣುತ್ತಾ, ಅದಾ?" ಎಂದು ಕೇಳುವುದೇ ಕೆಲಸ. ಮನೆಯಲ್ಲೂ ಆ ಚಟ ಬಿಡುವುದಿಲ್ಲ. ಎಲ್ಲೆಲ್ಲೋ ವಿಚಾರಿಸಿ, ಯಾರ್ಯಾರದೋ ಕೈಕಾಲು ಹಿಡಿದು, ಒಂದು ಚೀಲ ತುಂಬ ಸಾಮಾನು ಎರವಲು ತಂದರು.

ಮೊದಲು ಕೊಟ್ಟಿದ್ದು ನೆಟ್ಟಗೆ ನಿಂತ ಮೌಸ್. ಕೈಕುಲುಕುವ ಹಾಗೆ ಪಕ್ಕದಿಂದ ಹಿಡಿಯಬೇಕು, ಮಣಿಕಟ್ಟು ತಿರುಚುವುದಿಲ್ಲವಂತೆ. ನಿಜ, ಮಣಿಕಟ್ಟು ತಿರುಚಲಿಲ್ಲ. ಆದರೆ ಪ್ರತಿ ಸಲ ಕ್ಲಿಕ್ ಮಾಡಿದಾಗಲೂ ಮೌಸೇ ಪಕ್ಕಕ್ಕೆ ಜಾರಿ, ಕಟ್ ಎಲ್ಲೋ ಬೀಳಬೇಕಾದದ್ದು ಇನ್ನೆಲ್ಲೋ ಬಿತ್ತು. ಸಂಜೆಯ ಹೊತ್ತಿಗೆ ಭುಜ ಕಲ್ಲಾಗಿತ್ತು.

"ಹಳೇದು ಚೆನ್ನಾಗಿತ್ತಾ, ಇದಾ?" ಎಂದು ಕೇಳಿದರು.

"ಎರಡನ್ನೂ ತಗೊಂಡ್ಹೋಗಿ ಕಸದ ಬುಟ್ಟಿಗೆ ಹಾಕ್ರೀ" ಎಂದೆ. ಅವರು ಚೀಟಿಯಲ್ಲಿ ಏನೋ ಗುರುತು ಹಾಕಿಕೊಂಡರು. ಕಣ್ಣು ಪರೀಕ್ಷೆ ನಡೆಯುತ್ತಿದೆ ಎಂದೇ ಅವರ ಭಾವನೆ.

ಮಾರ್ಚ್ 9, ಶನಿವಾರ

ಹೆಬ್ಬೆರಳಿನಿಂದ ಗುಂಡು ಉರುಳಿಸುವ ಟ್ರ್ಯಾಕ್‌ಬಾಲ್: ಹೆಬ್ಬೆರಳು ಸತ್ತಿತು. ಪೆನ್ನಿನಲ್ಲಿ ಗೀಚುವ ಟ್ಯಾಬ್ಲೆಟ್: ಚಿತ್ರ ಬರೆಯುವವರಿಗೆ ಸರಿ. ನಾನು ಅದನ್ನು ಚಾಕು ಹಿಡಿದ ಹಾಗೆ ಹಿಡಿದಿದ್ದೆನಂತೆ. ಇದು ಫಿಸಿಯೋ ಹೇಳಿದ್ದು. "ಮೇಡಂ, ಏನ್ ಕೊಟ್ರೂ ನೀವು ಅದನ್ನ ಗಟ್ಟಿಯಾಗಿ ಹಿಸುಕ್ತೀರಾ. ಬಲಗೈಗೆ ಸ್ವಲ್ಪ ದಿನ ರಜಾ ಕೊಡಿ" ಎಂದಳು.

ರಜಾ! ನನ್ನ ಬಲಗೈ ಎಂದರೆ ಏನೆಂದು ಅವಳಿಗೇನು ಗೊತ್ತು? ಎಡಿಟಿಂಗ್ ರೂಮಿನಲ್ಲಿ ಈ ಕೈ ಓಡುವುದನ್ನು ನೋಡಲೆಂದೇ ಜನ ಬಂದು ಹಿಂದೆ ನಿಲ್ಲುತ್ತಿದ್ದರು. ಮಾತಿನ ಕೊನೆಯ ಅಕ್ಷರ ಬಾಯಿಂದ ಪೂರ್ತಿ ಹೊರಬೀಳುವ ಮುಂಚೆಯೇ ನನ್ನ ಕಟ್ ಬಿದ್ದಿರುತ್ತದೆ. ಉಸಿರೆಳೆದುಕೊಳ್ಳುವುದಕ್ಕೆ, ಎಂಜಲು ನುಂಗುವುದಕ್ಕೆ, ಸುಮ್ಮನೆ ಎತ್ತಲೋ ನೋಡುವುದಕ್ಕೆ ನನ್ನ ಸಿನಿಮಾಗಳಲ್ಲಿ ಜಾಗವಿಲ್ಲ. ನೋಡುವವರು ಆಕಳಿಸಬಾರದು, ಅಷ್ಟೇ.

ಅಕ್ಕ ಊಟಕ್ಕೆ ಬಂದಿದ್ದಳು. ಫೂಟೇಜ್ ಬಗ್ಗೆ ಏನೋ ಹೇಳಲು ಹೊರಟಳು. "ಗೊತ್ತು ಬಿಡೆ, ಉದ್ದ ಜಾಸ್ತಿ ಆಗಿದೆ ಅಂತ ತಾನೆ? ಎಲ್ಲಾ ಚಕಚಕ ಕತ್ತರಿಸಿ ಬಿಸಾಕ್ತೀನಿ, ಕೈಯೊಂದು ಬರ್ಲಿ" ಎಂದೆ. ಅವಳು ತಟ್ಟೆ ನೋಡುತ್ತಾ ಊಟ ಮಾಡಿದಳು. ಅವಳಿಗೂ ನನ್ನ ಕೈಯದೇ ಚಿಂತೆ.

ಮಾರ್ಚ್ 14, ಗುರುವಾರ

ಚೀಲದಲ್ಲಿ ಕೊನೆಗೆ ಉಳಿದದ್ದು ಒಂದು ಕಪ್ಪು ಪೆಟ್ಟಿಗೆ. ಅಂಗೈ ಅಗಲ. ಮಧ್ಯದಲ್ಲಿ ಒಂದು ಚಕ್ರ, ಅದರ ಸುತ್ತ ಒಂದು ಬಳೆ, ಅಂಚಿನಲ್ಲಿ ಗುಂಡಿಗಳು. ಒಳಗಿನ ಚಕ್ರವನ್ನು ತಿರುಗಿಸಿದರೆ ಚಿತ್ರ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ. ಹೊರಗಿನ ಬಳೆಯನ್ನು ಕೊಂಚ ತಿರುಚಿದರೆ ಮೆಲ್ಲಗೆ ಓಡುತ್ತದೆ, ಜಾಸ್ತಿ ತಿರುಚಿದರೆ ಜೋರಾಗಿ. ಕೈ ತೆಗೆದರೆ ಬಳೆ ತಾನೇ ನಡುವಿಗೆ ಬಂದು ನಿಲ್ಲುತ್ತದೆ. ಗುಂಡಿಗಳಿಗೆ ಬೇಕಾದ ಕೆಲಸ ಒಪ್ಪಿಸಬಹುದು. ಒಂದಕ್ಕೆ ಕಟ್, ಒಂದಕ್ಕೆ ಅಳಿಸು, ಹೀಗೆ.

"ಇದನ್ನ ಎಡಗೈಲಿ ಹಿಡಿ" ಎಂದರು ನಮ್ಮನೆಯವರು.

"ನನ್ನ ಎಡಗೈಗೆ ಬಾಗಿಲು ತೆಗೆಯೋಕೂ ಬರಲ್ಲ ಕಣ್ರೀ."

"ಬಲಗೈಗೂ ಈಗ ಬರ್ತಿಲ್ವಲ್ಲ" ಎಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ಸರಿಯಾದ ಮಾತು ಹೇಳಿದರು. ಸಿಟ್ಟು ಬಂತು, ಆದರೂ ಪೆಟ್ಟಿಗೆ ಇಟ್ಟುಕೊಂಡೆ.

ಮಾರ್ಚ್ 15, ಶುಕ್ರವಾರ

ಥೂ.

ಮಾರ್ಚ್ 21, ಗುರುವಾರ

ಥೂ ಎಂದಿದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ಹಿಡಿತ ಸಿಕ್ಕಿತು! ಮೊದಲೆರಡು ದಿನ ಬಳೆ ತಿರುಚಿದರೆ ಟೀಚರ್ ಕೊಳದ ಸುತ್ತ ಕೋಳಿಯ ಹಾಗೆ ಓಡುತ್ತಿದ್ದರು. ಹಿಸುಕಿದಷ್ಟೂ ಓಡುತ್ತದೆ, ಹಾಳಾದ್ದು. ಬೆರಳು ಸುಮ್ಮನೆ ಮೇಲಿಟ್ಟರೆ ಮಾತು ಕೇಳುತ್ತದೆ. ಕುರ್ಚಿ ತಗ್ಗಿಸಿದೆ, ಮೊಣಕೈಯನ್ನು ಮೇಜಿನ ಮೇಲೆ ಊರಿದೆ. ಬಲಗೈ ಮಡಿಲಲ್ಲಿ ಜಂಬದಿಂದ ಮಲಗಿದೆ.

ಕೆಲಸ ನಿಧಾನ, ಒಪ್ಪುತ್ತೇನೆ. ಮೊದಲಾದರೆ ಮೌಸ್ ಎಳೆದು ಎಲ್ಲಿಗೆ ಬೇಕೋ ಅಲ್ಲಿಗೆ ನೆಗೆಯುತ್ತಿದ್ದೆ. ಈಗ ಚಕ್ರ ತಿರುಗಿಸಿಕೊಂಡು ನಡುವಿನದನ್ನೆಲ್ಲ ನೋಡಿಕೊಂಡೇ ಹೋಗಬೇಕು. ವಿಧಿಯಿಲ್ಲ. ಹಾಗೆ ಹೋಗುವಾಗ ಒಂದು ಕಂಡಿತು. ಟೀಚರ್ ಯಾರಿಗಾದರೂ "ಕಾಲು ಮೇಲೆತ್ತಿ, ತೇಲಿ" ಎಂದ ಮೇಲೆ ತಮ್ಮ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಪ್ರತಿ ಸಲ. ಇದೇ ಫೂಟೇಜನ್ನು ನಾನು ಮೊದಲೂ ನೋಡಿದ್ದೆ. ಆಗ ಕಂಡಿರಲಿಲ್ಲ, ಅಕ್ಕ ಈಚೆಗೆ ಸೇರಿಸಿರಬೇಕು.

ಅವಳು ಪಕ್ಕದಲ್ಲೇ ಕೂತಿದ್ದಳು. ಎಡಗೈ ಚಕ್ರದ ಮೇಲೆ, ಕಣ್ಣು ಪರದೆಯ ಮೇಲೆ, ನನಗೆ ಬಾಯಿ ತೆರೆಯಲೂ ಪುರುಸೊತ್ತಿರಲಿಲ್ಲ. ಅವಳು, "ಟೀಚರ್‌ಗೆ ಯಾರನ್ನಾದ್ರೂ ಮುಟ್ಟಿ ಹಿಡ್ಕೊಬೇಕು ಅನ್ಸುತ್ತಂತೆ, ಅದಕ್ಕೇ ಕೈ ಕಟ್ಕೊಳ್ಳೋದಂತೆ" ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಶಾಟ್ ಕೂಡ ಮುಗಿದಿತ್ತು. ಒಳ್ಳೆಯ ವಿಷಯ. ಮೊದಲೇ ಹೇಳಬಾರದಿತ್ತೇ?

ಮಾರ್ಚ್ 27, ಬುಧವಾರ

ನೋವಿಲ್ಲ. ಅರ್ಧಕ್ಕಿಂತ ಹೆಚ್ಚು ಸಿನಿಮಾ ಜೋಡಿಸಿಯಾಗಿದೆ. ರಾಕೆಟ್ ಬೇಕಾದರೆ ಆಕಾಶಕ್ಕೆ ಹಾರಿಕೊಂಡಿರಲಿ.

ಯಾವಾಗಲಾದರೊಮ್ಮೆ ಪರದೆಯ ಮೇಲೆ ಬಾಣ ಓಡಿಸಿ ಏನಾದರೂ ಆರಿಸುವ ಕೆಲಸ ಬರುತ್ತದೆ, ಚಕ್ರದಿಂದ ಅದಾಗುವುದಿಲ್ಲ. ಅದಕ್ಕೆ ನಮ್ಮನೆಯವರು ದೊಡ್ಡ ಗುಂಡಿನ ಟ್ರ್ಯಾಕ್‌ಬಾಲ್ ತಂದರು. ಹೆಬ್ಬೆರಳು ಬೇಡ, ನಡುಬೆರಳುಗಳಿಂದ ಸವರಿದರೆ ಸಾಕು. ಬಲಗೈ ಬೀಸುವ ಅಗತ್ಯವೇ ಇಲ್ಲ. ಎಡಕ್ಕೆ ಚಕ್ರ, ಬಲಕ್ಕೆ ಗುಂಡು, ನಡುವೆ ಕೀಬೋರ್ಡು. ಈಗ ನನ್ನ ಮೇಜು ನೋಡಿದರೆ ನನಗೇ ಹೆಮ್ಮೆ.

"ಈಗ ಚೆನ್ನಾಗಿ ಕಾಣುತ್ತಾ?" ಎಂದು ಕೇಳಿದರು.

"ಕಾಣುತ್ತೆ ಡಾಕ್ಟ್ರೇ, ಕೊನೇ ಸಾಲಿನವರೆಗೂ" ಎಂದೆ. ಖುಷಿಯಾಗಿ ಚೀಲ ಮಡಚಿಟ್ಟರು.

ಏಪ್ರಿಲ್ 2, ಮಂಗಳವಾರ

ಅನಾಹುತ.

ಇಷ್ಟು ದಿನ ತುಂಡು ತುಂಡಾಗಿ ನೋಡಿಕೊಂಡು ಬಂದಿದ್ದೆ. ಇವತ್ತು ಮಧ್ಯಾಹ್ನ ಮೊದಲ ಸಲ ಹಾಲ್‌ನಲ್ಲಿ ಟೀವಿಗೆ ಹಾಕಿ ಶುರುವಿನಿಂದ ನೋಡಿದೆವು. ನಾನು, ಅಕ್ಕ, ಊಟಕ್ಕೆ ಬಂದಿದ್ದ ನಮ್ಮನೆಯವರು. ಎರಡನೆಯ ಶಾಟಿಗೇ ನಾನು ಎದ್ದು ಕೂತೆ. ಕಟ್ ತಡವಾಗಿ ಬಿದ್ದಿತ್ತು. ಮೂರನೆಯದೂ ತಡ. ಎಲ್ಲವೂ ತಡ! ಕಾರಣ ತಕ್ಷಣ ಹೊಳೆಯಿತು. "ಈಗ" ಎಂದು ತೀರ್ಮಾನ ಮಾಡುವ ಕಿವಿ ಹಳೆಯದು, ಗುಂಡಿ ಒತ್ತುವ ಎಡಗೈ ಹೊಸದು. ಬಲಗೈಯಾಗಿದ್ದರೆ ಕಿವಿಗಿಂತ ಮುಂಚೆ ಓಡುತ್ತಿತ್ತು. ಎಡಗೈ ಪುಣ್ಯಾತ್ಗಿತ್ತಿ ಎದ್ದು, ಸೀರೆ ಸರಿಮಾಡಿಕೊಂಡು, ಆಮೇಲೆ ಬಂದಿದ್ದಾಳೆ. ಮಾತು ಮುಗಿದ ಮೇಲಿನ ಉಸಿರು, ನುಂಗಿದ ಎಂಜಲು, ಸುಮ್ಮನೆ ನೋಡಿದ ನೋಟ, ಎಲ್ಲ ಹಾಗೇ ಉಳಿದುಬಿಟ್ಟಿವೆ.

ನಿಲ್ಲಿಸಲು ರಿಮೋಟ್ ಹುಡುಕಿದೆ. ಸೋಫಾ ಸಂದಿಯಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಒಬ್ಬ ದಪ್ಪ ಮನುಷ್ಯನ ದೃಶ್ಯ ಬಂತು. ಎತ್ತರದ ಆಳು, ಮೊದಲ ಸಲ ಆಳದ ಕಡೆಗೆ ಬಂದಿದ್ದಾನೆ, ಕೊಳದ ಅಂಚಿನ ಕಂಬಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದಾನೆ. ಟೀಚರ್ ದಂಡೆಯ ಮೇಲೆ ನಿಂತು ಕೈ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದಾರೆ. ಅವನು ಬಿಡುವುದಿಲ್ಲ. ಒಂದು ಬೆರಳು ಸಡಿಲಿಸುತ್ತಾನೆ, ಮತ್ತೆ ಹಿಡಿಯುತ್ತಾನೆ.

ನನ್ನ ಸಿನಿಮಾ ಹಾಕಿದರೆ ಗೊರಕೆ ಹೊಡೆಯುವ ನಮ್ಮನೆಯವರು ಕುರ್ಚಿಯ ತುದಿಗೆ ಬಂದು, "ಬಿಡಪ್ಪಾ, ಬಿಡು, ಏನೂ ಆಗಲ್ಲ, ನಾನಿದೀನಿ!" ಎಂದು ಟೀವಿಗೆ ಹೇಳಿದರು. ಇವರಿಗೇ ಈಜು ಬರುವುದಿಲ್ಲ. ಅವನು ಕೈ ಬಿಟ್ಟಾಗ ಇವರು ಚಪ್ಪಾಳೆ ತಟ್ಟಿ, ಕಣ್ಣೊರೆಸಿಕೊಂಡು, ಅಂಗಡಿಗೆ ತಡವಾಯಿತೆಂದು ಓಡಿದರು.

ರಿಮೋಟ್ ಸಿಗುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಅಕ್ಕಾ, ನಾಳೆಯಿಂದ ಕೂತು ಎಲ್ಲಾ ಕಟ್ಟೂ ಬಿಗಿ ಮಾಡ್ತೀನಿ" ಎಂದೆ. ಅವಳು ಚಪ್ಪಲಿ ಮೆಟ್ಟಿಕೊಂಡು ತನ್ನ ಮನೆಗೆ ಹೋದಳು.

ಏಪ್ರಿಲ್ 3, ಬುಧವಾರ

ಬೆಳಿಗ್ಗೆ ಅಕ್ಕ ಬಂದು ನನ್ನ ಚಕ್ರದ ಪೆಟ್ಟಿಗೆಯ ಮೇಲೆ ಅಂಗೈ ಮುಚ್ಚಿಟ್ಟು ಕೂತಳು. ಕೈ ತೆಗೆಯೆ ಎಂದರೆ ತೆಗೆಯಲಿಲ್ಲ. ಏನು ಮಾಡುವುದು, ಕಾದೆ. ಬಹಳ ಹೊತ್ತು ಕಾದೆ.

"ನಾನು ಕೊಳದ ಹತ್ರ ಕೂತು ನೋಡಿದ್ದು ಇದನ್ನೇ ಕಣೇ" ಎಂದಳು. "ನೀ... ನೀನು ಇಷ್ಟು ವರ್ಷದಲ್ಲಿ ಮೊದಲನೇ ಸಲ ನಾನು ನೋಡಿದ್ದನ್ನ ಹಾಗೇ ಇಟ್ಟಿದೀಯ. ಮುಟ್ಟಬೇಡ."

"ಅದು ತಪ್ಪಾಗಿ ಉಳಿದಿದ್ದು ಕಣೆ."

"ಆಗ್ಲಿ."

ಅವಳ ಕಣ್ಣು ತುಂಬಿತ್ತು. ನಾನು ಯಾಕೋ ಎದ್ದು ಒಳಗೆ ಹೋದೆ. ಟೀ ಮಾಡಿಕೊಂಡು ಬಂದೆ.

ಆಮೇಲೆ ಯೋಚಿಸಿದರೆ, ಇದು ಒಂದು ಶೈಲಿಯೇ ಸರಿ. ಎಲ್ಲರೂ ರಾಕೆಟ್ ಆದರೆ ಹೇಗೆ? ಯಾರಾದರೂ ಕೇಳಿದರೆ ಬೇಕೆಂದೇ ಹೀಗೆ ಮಾಡಿದೆ ಎನ್ನುತ್ತೇನೆ.

ಏಪ್ರಿಲ್ 11, ಗುರುವಾರ

ಫಿಸಿಯೋ ಪಟ್ಟಿ ಬಿಚ್ಚಿದಳು. "ಬೇಕಿದ್ರೆ ಮೌಸ್ ಹಿಡೀಬಹುದು ಮೇಡಂ, ಹಿಸುಕಬೇಡಿ ಅಷ್ಟೇ." ಕೇಳಬೇಕೇ! ಮನೆಗೆ ಬಂದವಳೇ ಹಳೆಯ ಮೌಸ್ ಸಿಕ್ಕಿಸಿ, ದಪ್ಪ ಮನುಷ್ಯನ ದೃಶ್ಯವನ್ನು ಇನ್ನೊಮ್ಮೆ, ಬಲಗೈಯಲ್ಲಿ, ನನ್ನ ಹಳೆಯ ಸ್ಪೀಡಿನಲ್ಲಿ ಕಟ್ ಮಾಡಿದೆ. ಆಹಾ, ಆ ಕೈ! ಲಾಯದಿಂದ ಬಿಟ್ಟ ಕುದುರೆಯ ಹಾಗೆ ಓಡಿತು.

ನೋಡಿದೆ. ಅವನು ಕಂಬಿ ಹಿಡಿದ. ಟಕ್. ಅವನು ಈಜಿದ. ಒಂದು ಫ್ರೇಮ್ ಕೂಡ ದಂಡವಿಲ್ಲ. ಭಯವೂ ಇಲ್ಲ. ಭಯವಿಲ್ಲದವನಿಗೆ ಟೀಚರ್ ಯಾಕೆ ಬೇಕು? ಇವನು ಮನೆಯಲ್ಲೇ ಬಕೆಟ್ಟಿನಲ್ಲಿ ಕಲಿತುಕೊಳ್ಳಬಹುದಿತ್ತು.

ಅಳಿಸಿದೆ. ಮೌಸನ್ನು ನಮ್ಮನೆಯವರ ಅಂಗಡಿಗೆ ಕೊಟ್ಟು ಕಳಿಸಿದೆ. ಒಟ್ಟಿನಲ್ಲಿ ಚಕ್ರದ ಪೆಟ್ಟಿಗೆಗೆ ರುಚಿ ಇದೆ ಎನ್ನಬೇಕು. ಒಳ್ಳೆಯ ಸಾಮಾನು ಎಂದರೆ ಹಾಗೆ, ಅದೇ ಕೆಲಸ ಮಾಡಿಸಿಕೊಳ್ಳುತ್ತದೆ.

ಅಕ್ಕ ಈಚೆಗೆ ದಿನವೂ ಬರುತ್ತಾಳೆ, ಸಂಜೆಯವರೆಗೆ ಕೂರುತ್ತಾಳೆ. ಚಕ್ರ ಮೆಲ್ಲಗೆ ತಿರುಗುತ್ತಿರುತ್ತದೆ, ಅವಳು ಏನಾದರೂ ಹೇಳುತ್ತಿರುತ್ತಾಳೆ. ಅವಳಿಗೆ ಹೊಳೆಯುವ ಜೋಕುಗಳು ಭಯಂಕರ. ನಾನು ಇವತ್ತು ನಕ್ಕು ನಕ್ಕು ಟೀ ಚೆಲ್ಲಿಕೊಂಡೆ. ವಯಸ್ಸಾದ ಮೇಲೆ ಇವಳು ತಮಾಷೆಯವಳಾಗುತ್ತಿದ್ದಾಳೆ.

ಏಪ್ರಿಲ್ 17, ಬುಧವಾರ

ನಾಳೆ ಪ್ರೊಡ್ಯೂಸರ್‌ಗೆ ತೋರಿಸಬೇಕು. ಅವರಿಗೆ ಉದ್ದ ಕಂಡರಾಗುವುದಿಲ್ಲ. ಒಪ್ಪದಿದ್ದರೆ ಫೂಟೇಜ್ ಎಲ್ಲ ರಾಕೆಟ್ ಕೈಗೆ ಹೋಗುತ್ತದೆ, ಆ ದಪ್ಪ ಮನುಷ್ಯ ಒಂದೇ ಕ್ಷಣದಲ್ಲಿ ಈಜುತ್ತಾನೆ. ಏನು ಹೇಳಬೇಕೆಂದು ಎಲ್ಲ ತಯಾರಿ ಮಾಡಿಕೊಂಡಿದ್ದೇನೆ. ಮಾತಿನಲ್ಲಿ ನನ್ನನ್ನು ಸೋಲಿಸಲಿ ನೋಡೋಣ.

ಏಪ್ರಿಲ್ 18, ಗುರುವಾರ

ಪ್ರೊಡ್ಯೂಸರ್ ಆಫೀಸಿನ ಪುಟ್ಟ ಕೋಣೆ, ಗೋಡೆಗೆ ದೊಡ್ಡ ಪರದೆ, ಎ.ಸಿ. ಗುರ್ರ್ ಎನ್ನುತ್ತಿತ್ತು. ಅವರು ಕೊನೆಯವರೆಗೂ ಫೋನ್ ಮುಟ್ಟದೆ ನೋಡಿದರು. ದೀಪ ಹಾಕಿದ ಮೇಲೆ ಪೆನ್ನು ತೆಗೆದರು.

"ಚೆನ್ನಾಗಿದೆ. ಆದ್ರೆ ಆ ಕಂಬಿ ಹಿಡ್ಕೊಂಡಿರೋ ದೃಶ್ಯ ತೀರಾ ಎಳೀತಿದೆ ಮೇಡಂ. ಕಾಲು ಭಾಗ ಸಾಕು. ನಿಮ್ಮ ಕೈಲಿ ಆಗಲ್ಲ ಅಂದ್ರೆ ರಾಕೆಟ್‌ನ ಕರೆಸ್ತೀನಿ, ಅವನು ಹಾಗೇ ಸಿನಿಮಾ ಪೂರ್ತಿ ಒಂದ್ಸಲ ಬಿಗಿ ಮಾಡ್ಲಿ."

ನಾನು ಬಾಯಿ ತೆರೆದೆ. ತಯಾರಿ ಮಾಡಿಕೊಂಡಿದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಪಕ್ಕದಲ್ಲಿ ಅಕ್ಕ, "ಸ... ಸ..." ಎಂದಳು. ಅವಳ ದವಡೆ ಬಿಗಿದಿತ್ತು, ಕೈ ಮೇಜಿನ ಅಂಚನ್ನು ಹಿಡಿದಿತ್ತು. ನಾನು ಬಾಯಿ ಮುಚ್ಚಿದೆ. ಕೈ ಎಲ್ಲಿಡಬೇಕೆಂದು ತಿಳಿಯದೆ ಎರಡನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂತೆ.

ಎ.ಸಿ. ಗುರ್ರ್ ಎನ್ನುತ್ತಲೇ ಇತ್ತು. ಪ್ರೊಡ್ಯೂಸರ್‌ಗೆ ತಡೆಯಲಿಲ್ಲ. "ಏನು, ಸ್ವಲ್ಪ ಯೋಚನೆ ಮಾಡಿ ಹೇಳ್ತೀನಿ ಅಂತೀರಾ?" ಎಂದರು.

"ಇರಿ ಸರ್" ಎಂದೆ. "ಅವಳು ಹೇಳ್ತಾಳೆ."

ಇಬ್ಬರೂ ಕಾದೆವು. ಅವರು ಪೆನ್ನು ಕೆಳಗಿಟ್ಟರು.

"ಸರ್, ಅವ್ರು ಕೈ ಬಿಡೋಕೆ ಎಷ್ಟು ಹೊತ್ತು ತಗೊಂಡ್ರೋ, ಅಷ್ಟೂ ಹೊತ್ತು ಟೀಚರ್ ಕಾದ್ರು" ಎಂದಳು ಅಕ್ಕ. "ತಳ್ಳಲಿಲ್ಲ. ಹಿಡಿದು ಎ... ಎಳೀಲಿಲ್ಲ. ಈ ಸಿನಿಮಾನೇ ಅದು. ಅದನ್ನ ಕತ್ತರಿಸಿದ್ರೆ ನಾವೇ ಅವ್ರನ್ನ ನೀರಿಗೆ ತಳ್ಳಿದ ಹಾಗೆ." ಮತ್ತೆ ತಡೆಯಿತು. ಪ್ರೊಡ್ಯೂಸರ್ ನನ್ನತ್ತ ನೋಡಿದರು, ನಾನು ಅಕ್ಕನತ್ತ ನೋಡಿದೆ. "ಒಳ್ಳೇದಕ್ಕೇ ತಳ್ತಾರೆ ಸರ್, ನಂಗೊತ್ತು. ಪ್ರೀತಿಯಿಂದಾನೇ ತಳ್ತಾರೆ. ಆದ್ರೆ ತಳ್ಳಿಸಿಕೊಂಡವರಿಗೆ ಈಜು ಬರಲ್ಲ. ಬೇ... ಬೇರೆ ಯಾರೂ ಈ ಸಿನಿಮಾ ಮುಟ್ಟೋದು ಬೇಡ. ಇವಳೇ ಸಾಕು."

ಪ್ರೊಡ್ಯೂಸರ್ ಪೆನ್ನನ್ನು ಎತ್ತಿ ಜೇಬಿಗೆ ಸಿಕ್ಕಿಸಿಕೊಂಡರು. ಆಮೇಲೆ, "ಸರಿ ಬಿಡಿ. ಹಾಗೇ ಇರ್ಲಿ" ಎಂದರು. ಬಾಗಿಲವರೆಗೆ ಬಂದು ಅಕ್ಕನಿಗೆ ಕೈ ಮುಗಿದರು.

ಗೆದ್ದೆವು! ರಾಕೆಟ್‌ಗೆ ಬೇರೆ ಸಿನಿಮಾ ಸಿಗುತ್ತದೆ ಬಿಡಿ. ನಮ್ಮನೆಯವರು ವಿಷಯ ಕೇಳಿ ಅಂಗಡಿ ಬೇಗ ಮುಚ್ಚಿ ಬಂದರು. ಅಕ್ಕನೂ ಊಟಕ್ಕೆ ನಿಂತಳು. ಎಲ್ಲರೂ ಒಟ್ಟಿಗೇ ಮಾತಾಡಿ ಮನೆ ತುಂಬ ಗದ್ದಲ.

ಒಂದೇ ಒಂದು ವಿಷಯ ಕೊರೆಯುತ್ತಿದೆ. ನನ್ನಕ್ಕನನ್ನು ಹಾಗೆ ತಳ್ಳಿದವರು ಯಾರು? ಅಷ್ಟು ನೋವಿನಿಂದ ಹೇಳಿದಳಲ್ಲ, ಯಾರೋ ತೀರಾ ಹತ್ತಿರದವರೇ ಇರಬೇಕು. ಯಾರಾದರೂ ಸರಿ, ನನ್ನ ಕೈಗೆ ಸಿಗಲಿ, ಗ್ರಹಚಾರ ಬಿಡಿಸುತ್ತೇನೆ. ನಾಳೆ ಅವಳು ಬಂದ ಕೂಡಲೇ ಕೇಳಬೇಕು. ಕೇಳಿ, ಅವಳು ಹೇಳುವವರೆಗೆ ಸುಮ್ಮನೆ ಕೂರಬೇಕು, ಎಷ್ಟು ಹೊತ್ತಾದರೂ ಸರಿ.